ಶಾಂಭವಿ ತಿರುಗಿಸಿದ ತಂತಿ

ಧಾರವಾಡದ ಒಂದು ಪ್ರಯೋಗಶಾಲೆಯಲ್ಲಿ ಹಿರೇಮಠ ಸರ್ ಎಂಬ ಗುರುಗಳಿದ್ದರು. ಅವರಿಗೆ ಇಬ್ಬರು ಶಿಷ್ಯೆಯರು. ತಬಸ್ಸುಮ್ ಕುಲುಮೆಯಲ್ಲಿ ಲೋಹದ ಹರಳು ಬೆಳೆಸುವವಳು. ಶಾಂಭವಿ ಆ ಹರಳಿನಲ್ಲಿ ವಿದ್ಯುತ್ ಹೇಗೆ ಹರಿಯುತ್ತದೆಂದು ಅಳೆಯುವವಳು. ಈ ಶಾಂಭವಿ ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು.

ಮಕ್ಕಳೇ, ನಮ್ಮ ಮನೆಯ ತಂತಿಯಲ್ಲಿ ಎಲೆಕ್ಟ್ರಾನುಗಳು ಸಂತೆಯಲ್ಲಿ ನುಗ್ಗುವ ಜನರಂತೆ ಅದಕ್ಕೆ ಇದಕ್ಕೆ ಡಿಕ್ಕಿ ಹೊಡೆಯುತ್ತ ಸಾಗುತ್ತವೆ. ಕಲ್ಮಶವೇ ಇಲ್ಲದ ಹರಳನ್ನು ಚೆನ್ನಾಗಿ ತಣ್ಣಗೆ ಮಾಡಿದರೆ ಅವು ಬೇರೆ ರೀತಿ ಹರಿದಾವು ಎಂದು ಗುರುಗಳ ಊಹೆ. ಆದರೆ ಹೇಗೆ ಎಂದು ಅವರಿಗೂ ಗೊತ್ತಿರಲಿಲ್ಲ.

ವರ್ಷವಿಡೀ ಕುಲುಮೆ ಕಾದು ತಬಸ್ಸುಮ್ ಅಂಥದೊಂದು ಹರಳು ಬೆಳೆಸಿದಳು. ಅಕ್ಕಿಕಾಳಿಗಿಂತ ಚಿಕ್ಕದು.

"ಜ್ವಾಕಿ, ಶಾಂಭವಿ. ಇದು ಹೋದ್ರ ಇನ್ನೊಂದಿಲ್ಲ," ಎಂದು ಅದನ್ನು ಗೆಳತಿಯ ಕೈಗಿತ್ತಳು.

ಶಾಂಭವಿ ಹರಳಿಗೆ ಕೂದಲೆಳೆಯಂಥ ತಂತಿಗಳನ್ನು ಅಂಟಿಸಿ ತಂಪುಪೆಟ್ಟಿಗೆಗೆ ಇಳಿಸಿದಳು. ಅದು ತಣಿಯುವವರೆಗೂ ಚಡಪಡಿಸಿದಳು. ಕೊನೆಗೆ ಮೀಟರ್ ನೋಡಿದರೆ, ಸಂಖ್ಯೆಯ ಮುಂದೆ ಮೈನಸ್! ಎಂದರೆ ಅಳೆದ ಜಾಗದಲ್ಲಿ ವಿದ್ಯುತ್ ಹಿಂದಕ್ಕೆ ಹರಿದಂತೆ.

ಆ ಪ್ರಯೋಗಶಾಲೆಯಲ್ಲಿ ಒಂದು ರೂಢಿಯ ಮಾತಿತ್ತು: "ಮೈನಸ್ ಬಂದ್ರ ತಂತಿ ಉಲ್ಟಾ ಹಚ್ಚೀರಿ ಅಂತ ತಿಳ್ಕೋರಿ." ಶಾಂಭವಿ ಮತ್ತೊಮ್ಮೆ ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ. ಮೀಟರಿನ ಎರಡು ತಂತಿಗಳನ್ನು ಅದಲುಬದಲು ಮಾಡಿದಳು. ಪ್ಲಸ್ ಬಂತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿದರೇ?

"ಸರ್, ಹೊಸಾದು ಏನೂ ಇಲ್ರೀ. ಎಲ್ಲಾ ಲೋಹದಂಗ ಐತ್ರಿ."

ಗುರುಗಳ ಮುಖ ಸಪ್ಪಗಾಯಿತು. "ಹಂಗಾದ್ರ ಹೊರಗ ತಗೀರಿ. ಕೊಯ್ದು ತುಂಡು ಮಾಡಿ, ಹೊಸ ಹುಡುಗರಿಗೆ ಕೈ ಪಳಗಿಸ್ಕೊಳ್ಳಾಕ ಕೊಡೋಣ."

ತಬಸ್ಸುಮ್ ತುಟಿ ಕಚ್ಚಿಕೊಂಡಳು. ಅವಳ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಹರಳನ್ನು ಹೊರತೆಗೆಯುವ ಮೊದಲು ಮೆಲ್ಲಗೆ ಬೆಚ್ಚಗೆ ಮಾಡಬೇಕು. ಅವಸರಿಸಿದರೆ ಸೀಳುತ್ತದೆ. ಶಾಂಭವಿ ಬೇಸರದಿಂದ ಮೀಟರ್ ನೋಡುತ್ತ ನಿಂತಳು. ಸಂಖ್ಯೆ ಇಳಿಯಿತು. ಸೊನ್ನೆ ದಾಟಿತು. ಮೈನಸ್‌ಗೆ ತಿರುಗಿತು.

ಅವಳು ಬಗ್ಗಿ ಮತ್ತೆ ನೋಡಿದಳು. ಬೆಚ್ಚಗಿನ ಲೋಹ ಪ್ಲಸ್ಸನ್ನೇ ತೋರಿಸಬೇಕು. ತಂತಿ ಮೊದಲು ತಪ್ಪಾಗಿದ್ದರೆ, ತಿರುಗಿಸಿದ ಮೇಲೆ ಈಗ ಪ್ಲಸ್ ಇರಬೇಕಿತ್ತು. ಅಂದರೆ ಸರಿಯಿದ್ದದ್ದನ್ನು ಉಲ್ಟಾ ಮಾಡಿದವಳು ತಾನೇ! ಥಂಡಿಯಲ್ಲಿ ಎಲೆಕ್ಟ್ರಾನುಗಳು ನೀರಿನಂತೆ ಒಂದನ್ನೊಂದು ತಳ್ಳುತ್ತ ಹರಿದು, ಅಂಚಿನಲ್ಲಿ ಸುಳಿ ಸುತ್ತಿ, ನಿಜವಾಗಿಯೂ ಹಿಂದಕ್ಕೆ ಹೋಗಿದ್ದವು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪಕ್ಕದಲ್ಲಿ ತಬಸ್ಸುಮ್ ಹರಳು ಕೊಯ್ಯುವ ಬ್ಲೇಡು ಒರೆಸುತ್ತಿದ್ದಳು.

"ಕೊಯ್ಯಬ್ಯಾಡ, ತಬಸ್ಸುಮ್! ಮೈನಸ್ ಖರೇನ ಇತ್ತು. ತಂತಿ ತಿರುವಿದಾಕಿ ನಾನು."

ತಬಸ್ಸುಮ್‌ಳ ಕಣ್ಣು ತುಂಬಿತು. "ನನ್ನ ಹರಳಿನ ಮ್ಯಾಲೆ ಒಂದೀಟು ನಂಬಿಕಿ ಇದ್ದಿದ್ರ ಇನ್ನೊಮ್ಮೆ ನೋಡ್ತಿದ್ದಿ," ಎಂದಳು.

ಶಾಂಭವಿ ಗುರುಗಳಿಗೂ ತನ್ನ ತಪ್ಪು ಹೇಳಿದಳು. ತಂತಿಗಳನ್ನು ಸರಿಪಡಿಸಿ ಹರಳನ್ನು ಮತ್ತೆ ತಣಿಸಿದಳು. ಗುರುಗಳೂ ಬಂದು ನಿಂತರು. ಮೈನಸ್ ಮೂಡಿದಾಗ ತಬಸ್ಸುಮ್ ನಕ್ಕಳು, ಗುರುಗಳು ಚಪ್ಪಾಳೆ ತಟ್ಟಿದರು. ಶಾಂಭವಿಗೆ ಮಾತ್ರ ನಗು ಬರಲಿಲ್ಲ. ಆ ರೂಢಿಯ ಮಾತನ್ನು ನಂಬಿ ತಂತಿ ತಿರುಗಿಸಿದವರು ತನಗಿಂತ ಮುಂಚೆ ಎಷ್ಟು ಜನರೋ, ಕೊಯ್ದು ಹಾಕಿದ ಹರಳುಗಳು ಎಷ್ಟೋ ಎಂದು ಅವಳ ಜೀವ ತಳಮಳಿಸುತ್ತಿತ್ತು.

ನೀತಿ: ನಮ್ಮ ಎಣಿಕೆಗೆ ಹೊಂದದ್ದೆಲ್ಲ ತಪ್ಪಲ್ಲ. ತಿದ್ದಲು ಕೈ ಹಾಕುವ ಮೊದಲು, ಅದು ನಿಜಕ್ಕೂ ತಪ್ಪೇ ಎಂದು ಇನ್ನೊಮ್ಮೆ ನೋಡಬೇಕು.