ಮಾಳಣ್ಣನ ತಾಮ್ರದ ಬಿಲ್ಲೆ

"ಕೇಳಿರಿ, ಹೊಂಬೆಟ್ಟದ ಪ್ರಜೆಗಳೇ ಕೇಳಿರಿ. ರಾಜಕುಮಾರಿ ರತ್ನಾಂಬೆ ಮೂರು ಒಗಟು ಕೇಳುವಳು. ಮೂರನ್ನೂ ಬಿಡಿಸಿದವರು ಏನು ಬೇಡಿದರೂ ದೊರೆ ವೀರಭೂಪರು ಕೊಡುವರು. ರಾಜಕುಮಾರಿಯನ್ನೇ ವರಿಸಿದರೂ ಸರಿ. ತಪ್ಪಿದವರ ತಲೆ ಅಮಾವಾಸ್ಯೆಗೆ ಹೋಗುವುದು. ಅಷ್ಟರಲ್ಲಿ ಬೇರೆ ಯಾರಾದರೂ ಬಿಡಿಸಿದರೆ ಸೆರೆಯಲ್ಲಿದ್ದವರೂ ಬದುಕುವರು."

ಈ ಡಂಗುರ ಸಂತೆಯಲ್ಲಿ ಕಂಬಳಿ ಮಾರುತ್ತಿದ್ದ ಬೀರಣ್ಣನ ಕಿವಿಗೆ ಬಿತ್ತು. ಬೀರಣ್ಣನಿಗೆ ರಾಜಕುಮಾರಿ ಬೇಕಿರಲಿಲ್ಲ. ಅಣ್ಣ ಬೇಕಿತ್ತು.

ಅಣ್ಣ ಎಲ್ಲಿದ್ದ ಎಂದು ಮೊದಲೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಣ್ಣ ಮಾಳಣ್ಣ ಅರಮನೆಯ ಪಗಡೆ ಮನೆಯಲ್ಲಿದ್ದ. ಅಲ್ಲಿ ಜನ ಹಣ ಒಡ್ಡಿ ಆಡುತ್ತಿದ್ದರು. ಪ್ರತಿ ಆಟದಲ್ಲೂ ಕೂದಲೆಳೆಯಷ್ಟು ಅನುಕೂಲ ಅರಮನೆಗೇ ಇರುವಂತೆ ನಿಯಮ ಮಾಡಿದ್ದರು. ಒಳಗೆ ಹೋಗುವವನು ಹೆಸರು ಹೇಳಿದರೆ, ಆ ಹೆಸರು ಕೆತ್ತಿದ ತಾಮ್ರದ ಬಿಲ್ಲೆ ಕೊಡುತ್ತಿದ್ದರು. ಆಡುವಾಗ ಅದನ್ನು ಮುಂದೆ ಇಟ್ಟುಕೊಳ್ಳಬೇಕು. ಹೆಸರಿಗೆ ಒಂದೇ ಬಿಲ್ಲೆ, ಕಳೆದರೆ ಮತ್ತೊಂದು ಕೊಡುತ್ತಿರಲಿಲ್ಲ. ಪ್ರತಿ ಪಗಡೆ ಹಾಸಿನ ಹಿಂದೆಯೂ ಒಬ್ಬ ನೋಟಗಾರ, ಅಂದರೆ ಆಟಗಾರರನ್ನು ಗಮನಿಸುವವನು, ನಿಂತಿರುತ್ತಿದ್ದ. ಅವನು ಕಣ್ಣಲ್ಲೇ ಅಳೆದು ಹೇಳಿದಂತೆ ಆಟಗಾರರಿಗೆ ಪುಕ್ಕಟೆ ಊಟ, ಶಾಲು, ಮೆತ್ತನೆ ಹಾಸಿಗೆ ಬರುತ್ತಿದ್ದವು.

ಅಣ್ಣತಮ್ಮಂದಿರ ಮನೆಯಲ್ಲಿ ಒಂದು ಪದ್ಧತಿ. ಒಂದು ಪಟ್ಟಿ ಅಣ್ಣ ನೇಯುವನು, ಇನ್ನೊಂದು ತಮ್ಮ. ಎರಡನ್ನೂ ನಡುವೆ ಹೊಲಿದರೆ ಒಂದು ಕಂಬಳಿ. ಅರಮನೆಗೆ ಕಂಬಳಿ ಕೊಡಲು ಹೋದ ಮಾಳಣ್ಣ ತಿರುಗಿ ಬರಲಿಲ್ಲ. ಅಂದಿನಿಂದ ಬೀರಣ್ಣ ತನ್ನ ಪಟ್ಟಿಯನ್ನಷ್ಟೇ ಹೊದ್ದು, ಪ್ರತಿ ಸಂತೆಗೂ ಪಗಡೆ ಮನೆಯ ಹೊಸ್ತಿಲಾಚೆ ನಿಂತು ಒಳಗೆ ನೋಡಿ ಹೋಗುತ್ತಿದ್ದ. ಅಣ್ಣ ಮಾತ್ರ ದಾಳದಿಂದ ಕಣ್ಣೆತ್ತುತ್ತಿರಲಿಲ್ಲ.

ಡಂಗುರ ಕೇಳಿದ ಬೀರಣ್ಣ ಅರಮನೆಗೆ ಹೋದ. ಸಭೆಯ ಬಾಗಿಲಲ್ಲಿ ಕಾವಲಿನವನು ನಕ್ಕ. "ಏನಪ್ಪಾ ಅರ್ಧ ಕಂಬಳಿ, ಉಳಿದರ್ಧ ಇನ್ನೂ ಕುರಿ ಮೇಲೇ ಇದೆಯಾ?"

"ಇಲ್ಲ ಧಣಿ, ಅದು ಅಣ್ಣ ನೇಯಬೇಕಾದ್ದು."

ಒಳಗೆ ರತ್ನಾಂಬೆ ಮೊದಲ ಒಗಟು ಹೇಳುತ್ತಿದ್ದಳು. "ಪಗಡೆ ಮನೆಯಲ್ಲಿ ಒಬ್ಬ ಒಂದೇ ಏಟಿಗೆ ಚೀಲವೆಲ್ಲ ಸೋತು ಎದ್ದ. ಅವನಿಗೆ ಒಂದು ಲೋಟ ಮಜ್ಜಿಗೆಯೂ ಸಿಗಲಿಲ್ಲ. ಇನ್ನೊಬ್ಬ ಗೆದ್ದು ಎದ್ದ. ಅವನಿಗೆ ಶಾಲು ಹೊದಿಸಿದರು. ಆ ಮನೆ ಅಳೆದದ್ದು ಏನನ್ನು?"

"ಅದೃಷ್ಟವನ್ನು" ಎಂದ ನೆರೆನಾಡಿನ ರಾಜಕುಮಾರ ಕೀರ್ತಿಸೇನ. ಅವನನ್ನು ಸೆರೆಗೆ ಒಯ್ದರು.

"ಪೂರ್ವಪುಣ್ಯವನ್ನು" ಎಂದರು ಅಚ್ಯುತಶಾಸ್ತ್ರಿಗಳು. ಅವರನ್ನೂ ಒಯ್ದರು. ಹೋಗುತ್ತಾ ಶಾಸ್ತ್ರಿಗಳು, "ಅಮಾವಾಸ್ಯೆ ಯಾವಾಗ ಎಂದು ನಾನೇ ಪಂಚಾಂಗ ನೋಡಿ ಹೇಳಿದ್ದೆನಲ್ಲಪ್ಪಾ" ಎಂದು ಗೊಣಗಿದರು.

ಬೀರಣ್ಣ ಮುಂದೆ ಬಂದ.

"ಕೂತ ಹೊತ್ತನ್ನು, ತಾಯಿ. ಜೊತೆಗೆ ಅವನು ಪ್ರತಿಸಲ ಸಾಮಾನ್ಯವಾಗಿ ಎಷ್ಟು ಒಡ್ಡುತ್ತಾನೆ, ದಾಳ ಎಷ್ಟು ಬೇಗ ಉರುಳುತ್ತದೆ, ಅದನ್ನೂ ನೋಡುತ್ತಾರೆ. ಇವತ್ತು ಗೆದ್ದನೋ ಸೋತನೋ ಎಂಬುದು ಅವರಿಗೆ ಬೇಡ. ಹೀಗೇ ಕೂತಿದ್ದರೆ ಕೊನೆಗೆ ಎಷ್ಟು ಸೋತಾನು ಎಂದು ಅಂದಾಜು ಕಟ್ಟಿ, ಅದಕ್ಕೆ ತಕ್ಕ ಶಾಲು ಕೊಡುತ್ತಾರೆ. ಒಂದೇ ಏಟಿಗೆ ಎದ್ದವನು ಕೂರಲೇ ಇಲ್ಲವಲ್ಲ."

ಉತ್ತರ ಸರಿಯಾಗಿತ್ತು. ರಾಜಕುಮಾರಿ ಎರಡನೆಯದನ್ನು ಕೇಳಿದಳು. "ಕೊಟ್ಟವನು ದಾನಿಯೆನಿಸಿಕೊಳ್ಳುತ್ತಾನೆ, ಪಡೆದವನು ಭಾಗ್ಯವಂತನೆನಿಸಿಕೊಳ್ಳುತ್ತಾನೆ. ಆದರೆ ವಸ್ತು ಮೊದಲಿನಿಂದಲೂ ಪಡೆದವನದೇ. ಅದು ಯಾವುದು?"

"ಅದೇ ಶಾಲು, ತಾಯಿ. ಕುರಿಯ ಉಣ್ಣೆಯನ್ನೆಲ್ಲ ಕತ್ತರಿಸಿ, ಅದರದೇ ಒಂದು ತುಂಡನ್ನು ಬೆನ್ನಿಗೆ ಹೊದಿಸಿದ ಹಾಗೆ. ಆಟಗಾರ ಕಳೆದುಕೊಳ್ಳುವುದರಲ್ಲೇ ಒಂದು ಪಾಲು ತೆಗೆದು ಉಡುಗೊರೆ ಎನ್ನುತ್ತಾರೆ."

ದೊರೆಗೆ ಇದು ಅರ್ಧ ಮಾತ್ರ ಕೇಳಿಸಿತು. ಅವರ ಕಿವಿ ಪಕ್ಕದ ಪಗಡೆ ಮನೆಯ ದಾಳದ ಸದ್ದಿನ ಕಡೆಗಿತ್ತು. ಆ ಮನೆ ಕಟ್ಟಿಸಿದ ಮೇಲೆ ಅವರು ಹೊತ್ತೆಲ್ಲ ಅಲ್ಲೇ ಕಳೆಯುತ್ತಿದ್ದರು.

ರತ್ನಾಂಬೆಯ ದನಿ ಸಣ್ಣದಾಯಿತು. "ಮೂರನೆಯದು. ಆಟಗಾರ ಕೂತಷ್ಟೂ ಅದು ಬೆಳೆಯುತ್ತದೆ. ನೋಟಗಾರನ ಕಣ್ಣಿಗೆ ಬೀಳದು. ಅದಕ್ಕೆ ಶಾಲಿಲ್ಲ, ಊಟವಿಲ್ಲ. ಯಾವುದು?"

"ಸಾಲ ಅನ್ನು" ಎಂದು ಯಾರೋ ಹಿಂದಿನಿಂದ ಪಿಸುಗುಟ್ಟಿದರು. ಬೀರಣ್ಣನೂ ಹಾಗೇ ಹೇಳಲಿದ್ದ. ಆಗ ರಾಜಕುಮಾರಿ ತಂದೆಯ ಕಡೆ ನೋಡಿದ್ದು ಕಂಡಿತು. ಅತ್ತಿಗೆ ಸಂಜೆಹೊತ್ತು ಹಟ್ಟಿಯ ಮುಂದೆ ನಿಂತು ಮಾಳಣ್ಣನ ದಾರಿ ನೋಡುವುದು ಹಾಗೆಯೇ.

"ಮನೆಯಲ್ಲಿರುವವರು ಕಾಯುವುದು, ತಾಯಿ. ಅವನು ಒಳಗೆ ಕೂತಷ್ಟು ಹೊತ್ತೂ ಹೊರಗೊಬ್ಬರು ಕೂತಿರುತ್ತಾರೆ. ಅದನ್ನು ಅಲ್ಲಿ ಯಾರೂ ಅಳೆಯುವುದಿಲ್ಲ."

ರತ್ನಾಂಬೆ ಹೌದೆಂದು ತಲೆಯಾಡಿಸಿದಳು. ದೊರೆ ಮಗಳನ್ನು ನೋಡಿದರು. ಬಹಳ ದಿನದ ಮೇಲೆ ಎಂಬಂತೆ ನೋಡಿದರು. "ಊಟ ಆಯಿತೇನಮ್ಮ?" ಎಂದು ಕೇಳಿದರು.

"ನೀವು ಬಂದ ಮೇಲೆ, ಅಪ್ಪಾಜಿ" ಎಂದಳು.

ಸೆರೆಯಲ್ಲಿದ್ದವರನ್ನು ಬಿಟ್ಟರು. ದೊರೆ ಬೀರಣ್ಣನಿಗೆ, "ಏನು ಬೇಕು, ಕೇಳು" ಎಂದರು.

"ನನ್ನ ಅಣ್ಣನ ಬಿಲ್ಲೆ ಕೊಡಿಸಿ, ಬುದ್ಧಿ."

"ತಾಮ್ರದ ಚೂರು? ಅಣ್ಣನನ್ನೇ ಕೇಳಬಾರದೇ?"

"ಆ ಬಾಗಿಲಿಗೆ ಬೀಗವೇ ಇಲ್ಲ ಬುದ್ಧಿ. ಎಳೆದುಕೊಂಡು ಹೋದರೆ ನಾಳೆ ಮತ್ತೆ ಬರುತ್ತಾನೆ."

ಮಾಳಣ್ಣ ಮಲಗುವಾಗ ಬಿಲ್ಲೆಯನ್ನು ಬಾಗಿಲ ಗೂಟಕ್ಕೆ ತೂಗುಹಾಕುತ್ತಿದ್ದ. ಆ ರಾತ್ರಿ ಅರಮನೆಯ ಆಳುಗಳು ಅದನ್ನು ತಂದು ಬೀರಣ್ಣನಿಗೆ ಕೊಟ್ಟರು. ಬೆಳಿಗ್ಗೆ ಮಾಳಣ್ಣ ಎದ್ದು ಬಂದು ಹಾಸಿನ ಮುಂದೆ ಕೂತ. ನಿನ್ನೆಯವರೆಗೆ "ದಯಮಾಡಿಸಿ ಮಾಳಣ್ಣನವರೇ" ಎನ್ನುತ್ತಿದ್ದ ನೋಟಗಾರ ಈಗ ಖಾಲಿ ಜಾಗ ನೋಡಿ, "ಬಿಲ್ಲೆ ಎಲ್ಲಿ? ನೀವು ಯಾರು?" ಎಂದ. ಊಟ ಬರಲಿಲ್ಲ. ಶಾಲಿನವನು ಪಕ್ಕದವನ ಹತ್ತಿರ ಹೋದ.

ಬಿಲ್ಲೆ ಹುಡುಕುತ್ತಾ ಮಾಳಣ್ಣ ಹೊಸ್ತಿಲಿಗೆ ಬಂದ. ಹೊರಗೆ ಅರ್ಧ ಕಂಬಳಿ ಹೊದ್ದು ಒಬ್ಬ ನಿಂತಿದ್ದ.

"ಅಣ್ಣಾ."

ಮಾಳಣ್ಣ ಬಿಸಿಲಿಗೆ ಕಣ್ಣು ಕಿರಿದಾಗಿಸಿ ನೋಡಿದ. "ಬೀರಾ? ಯಾವಾಗ ಬಂದೆ?"

"ಪ್ರತಿ ಸಂತೆಗೂ ಬಂದಿದ್ದೆ. ನಿನ್ನ ಪಟ್ಟಿ ಇನ್ನೂ ಮಗ್ಗದ ಮೇಲೇ ಇದೆ."

"ನಾನು ಬಿಟ್ಟ ಹಾಗೇ?"

"ಅತ್ತಿಗೆ ದಿನಾ ಧೂಳು ಒರೆಸುತ್ತಾಳೆ."

ಮಾಳಣ್ಣ ತಮ್ಮನ ಕಂಬಳಿಯ ಅಂಚನ್ನು ಬೆರಳಲ್ಲಿ ಹಿಡಿದು ಎಳೆದು ನೋಡಿದ. "ಅಂಚು ಬಿಗಿಯಿಲ್ಲ. ಯಾರು ಹೇಳಿಕೊಟ್ಟರು ನಿನಗೆ ಹೀಗೆ ನೇಯೋಕೆ?" ಎಂದು ಗದರಿದ. ಗದರುತ್ತಲೇ ಹೊಸ್ತಿಲಿಳಿದ.

ಆ ಚಳಿಗಾಲ ಅವರ ಕಂಬಳಿಗೆ ನಡುವಿನ ಹೊಲಿಗೆ ಬಿತ್ತು. ತಾಮ್ರದ ಬಿಲ್ಲೆ ಟಗರಿನ ಕೊರಳಿಗೆ ಹೋಯಿತು. ಮಾಳಣ್ಣನನ್ನು ಹೆಸರು ಹಿಡಿದು ಕರೆಯಲು ಮನೆಯಲ್ಲೇ ಜನರಿದ್ದರು.