ಉಡಿಗೆ ಹಾಕಿದ ಐದು ಹಿಡಿ ಜೋಳ

“ಕಾಕಾ, ಎಂಟು ವರ್ಷ ಆರಿಸಿ ಆರಿಸಿ ನಾನೇ ಮಾಡಿದ ಮೆಣಸಿನ ತಳಿ ಇದು. ಇದರ ಹಕ್ಕು ನಮಗೆ ಕೊಡು, ಇನ್ನು ಯಾರಿಗೂ ಬೀಜ ಕೊಡಬೇಡ ಎಂದು ಕಂಪನಿಯವರು ಕಾಗದ ತಂದಿದ್ದಾರೆ. ನನ್ನದನ್ನು ನಾನು ಕೊಟ್ಟರೆ ತಪ್ಪೇನು?”

ಬಾಳಪ್ಪ ಹೀಗೆ ಕೇಳಿದಾಗ, ಅವನಿಗೆ ಬೇಸಾಯ ಕಲಿಸಿದ ದುಂಡಪ್ಪ ಕಾಕಾ ನಕ್ಕರು. ಇಂಥ ಪ್ರಶ್ನೆಗೆ ಉತ್ತರ ಹೇಳಬಲ್ಲವನು ಏಳು ತಾಲೂಕಿನಲ್ಲಿ ತಾನೊಬ್ಬನೇ, ಎಂಟನೆಯದಕ್ಕೆ ತಾನು ಹೋಗಿಲ್ಲ ಎಂದು ಹೇಳಿ ಕತೆ ಶುರು ಮಾಡಿದರು.

ಒಬ್ಬ ರೈತನಿದ್ದ. ಅವನ ಮನೆಯಲ್ಲಿ ಒಂದು ಬಿಳಿಜೋಳವಿತ್ತು. ಅದರ ರೊಟ್ಟಿ ಹಂಚಿನ ಮೇಲೆ ಉಬ್ಬಿದರೆ ಮನೆಯ ಮಾಳಿಗೆಯೇ ಒಂದು ಗೇಣು ಮೇಲೇಳುತ್ತಿತ್ತು. ವಾಸನೆಗೆ ಪಕ್ಕದೂರಿನ ನೆಂಟರು ಕರೆಯದೆ ಬರುತ್ತಿದ್ದರು; ಜಗಳವಾಡಿ ಮಾತು ಬಿಟ್ಟವರು ಎಲ್ಲರಿಗಿಂತ ಮೊದಲು ಬರುತ್ತಿದ್ದರು. ನೀನು ಅರ್ಧ ನಂಬು, ಉಳಿದರ್ಧ ನಾನು ನಂಬುತ್ತೇನೆ.

ಒಬ್ಬ ವರ್ತಕ ಬಂದ. ತಳಿ ತನ್ನ ಹೆಸರಿಗಾಗಬೇಕೆಂದ. ಮೊಳೆಯುವ ಒಂದು ಕಾಳೂ ಬೇರೆಯವರ ಕೈಗೆ ಹೋಗಬಾರದೆಂದು ಬರೆಸಿದ. ರೈತ ಹೆಬ್ಬೆಟ್ಟು ಒತ್ತಿದ.

ಅದೇ ವರ್ಷ ಮಗಳ ಮದುವೆಯಾಯಿತು. ಗಂಡನ ಮನೆಗೆ ಹೊರಟ ಹೆಣ್ಣಿನ ಉಡಿಗೆ ತವರಿನ ಬೀಜದ ಜೋಳ ಐದು ಹಿಡಿ ಹಾಕುವುದು ಆ ಊರಿನ ಪದ್ಧತಿ. ಅವಳು ಅದನ್ನು ಹೋದ ಊರಿನಲ್ಲಿ ಬಿತ್ತುತ್ತಾಳೆ. ಪದ್ಧತಿ ಬಿಡುವಂತಿಲ್ಲ, ಕಾಗದ ಮೀರುವಂತಿಲ್ಲ. ರೈತ ಜಾಣ. ಐದು ಹಿಡಿ ಕಾಳನ್ನು ಬಾಣಲೆಯಲ್ಲಿ ಹುರಿದು ಉಡಿಗೆ ಹಾಕಿದ. ಬಣ್ಣ ಕೆಡದಂತೆ, ಪರಿಮಳ ಏಳದಂತೆ ಹುರಿಯುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ.

ವರ್ತಕ ಆ ಜೋಳವನ್ನು ತಿದ್ದಿದ. ಎಲ್ಲ ತೆನೆಯೂ ಒಂದೇ ಎತ್ತರ, ಒಂದೇ ದಿನಕ್ಕೆ ಕೊಯ್ಲು. ಸೀಮೆಯೆಲ್ಲ ಅದನ್ನೇ ಕೊಂಡು ಬಿತ್ತಿತು. ಐದನೆಯ ವರ್ಷ ತೆನೆಯನ್ನು ಕಪ್ಪು ಪುಡಿ ಮಾಡುವ ಕಾಡಿಗೆ ರೋಗ ಬಂತು. ಎಲ್ಲವೂ ಒಂದೇ ಆಗಿತ್ತು, ಎಲ್ಲವೂ ಒಟ್ಟಿಗೆ ಹೋಯಿತು. ವರ್ತಕ ಬೇರೆ ಬೀಜ ಹಿಡಿದು ಬೇರೆ ಸೀಮೆಗೆ ಹೋದ. ರೈತ ನೆಲದ ಹಗೇವಿನಲ್ಲಿ ಕಾದಿಟ್ಟಿದ್ದ ಹಳೆಯ ಬೀಜ ತೇವ ಹಿಡಿದು ಕೊಳೆತಿತ್ತು.

ರೈತನಿಗೆ ಆ ರೊಟ್ಟಿಯ ಹಂಬಲ ಹತ್ತಿತು. ಯಾರ ಮನೆಯಲ್ಲಿ ಉಣ್ಣಲು ಕೂತರೂ ರೊಟ್ಟಿ ಮುರಿದು, ಮೂಸಿ, ಕೆಳಗಿಡುತ್ತಿದ್ದ. ಕೊನೆಗೆ ಮಗಳ ಉಡಿ ನೆನಪಾಯಿತು. ಹುರಿದವನು ತಾನೇ. ಆದರೂ ಒಂದು ಕಾಳಾದರೂ ಬೆಂಕಿ ತಪ್ಪಿಸಿಕೊಂಡಿರಬಹುದು ಎಂದುಕೊಂಡು ಎರಡು ದಿನ ನಡೆದು ಹೋದ.

ಮಗಳು ಅವನನ್ನು ಹಿತ್ತಿಲಿನ ಮೂಲೆಗೆ ಕರೆದೊಯ್ದಳು. ಹದ ಮಾಡಿದ ಸಾಲಿತ್ತು, ಸುತ್ತ ಮುಳ್ಳಿನ ಬೇಲಿಯಿತ್ತು. ಒಳಗೆ ಏನೂ ಇರಲಿಲ್ಲ.

“ಅಪ್ಪ, ವರ್ಷಕ್ಕೊಂದು ಹಿಡಿ ಬಿತ್ತಿದೆ. ಒಂದೂ ಮೊಳೆಯಲಿಲ್ಲ. ನನ್ನ ಕೈಗುಣವೇ ಸರಿಯಿಲ್ಲವೋ ಏನೋ. ಇನ್ನೊಂದು ಹಿಡಿ ಉಳಿಸಿದ್ದೇನೆ, ಈ ಸಲ ನೀನು ಬಿತ್ತಿ ಹೋಗು. ನಿನ್ನ ಕೈಗೆ ಬಂದೀತು.”

ರೈತ ಬಿತ್ತಿದ. ನೀರು ಹಾಕಿದ. ಎಂಟು ದಿನ ಆ ಸಾಲಿನ ಮುಂದೆ ಕೂತಿದ್ದ.

ಕಾಕಾ ಕತೆಯನ್ನು ಇಲ್ಲಿಗೇ ನಿಲ್ಲಿಸಿದರು. ಆ ರೈತ ಮಗಳಿಗೆ ನಿಜ ಹೇಳಿದನೇ ಎಂದು ಬಾಳಪ್ಪ ಕೇಳಿದ.

“ಸಹಿ ಹಾಕುವ ಮೊದಲು ನಮ್ಮ ಮನೆಗೆ ಬಂದು ಆ ಬಾಣಲೆ ಒಯ್ಯಿ ಬಾಳಪ್ಪ, ನಿನಗೂ ಮಗಳಿದ್ದಾಳೆ.”