ಬಾಗಿಲ ಹೊರಗೆ ನಿಂತ ಸಿಲ್ವಾನ

"ಕೇಳಿರಪ್ಪೋ ಕೇಳಿ! ಅರಸರ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರಿಗೆ ಸೆರೆವಾಸ!"

ಡಂಗುರ ಕೇಳಿದ್ದೇ ತಡ, ಬಂದರು ಪಟ್ಟಣದ ತುಂಬ ಗುಸುಗುಸು. ಅರಸನೋ ಮಹಾ ಅನುಮಾನದ ಪ್ರಾಣಿ. ಹೆಂಡತಿ ಬಡಿಸಿದ ಸಾರನ್ನೂ ನಾಯಿಗೆ ಹಾಕಿ ನೋಡಿಯೇ ಉಣ್ಣುವವನು. ಬಾಗಿಲು ಹಾಕಿಕೊಂಡು ಕ್ರಿಸ್ತನ ಹೆಸರು ಹೇಳುವ ಹೊಸ ಮಂದಿಯ ಮೇಲೆ ಅವನ ಕಣ್ಣು ಬಿದ್ದಿತ್ತು. ಅವರ ಹಿರಿಯ ಥಿಯೋನನನ್ನು ಸೆರೆಗೆ ತಳ್ಳಿದ. ಬಾಗಿಲ ಒಳಗೇನು ನಡೆಯುತ್ತದೆಂದು ಮುದುಕ ಬಾಯಿ ಬಿಡಲಿಲ್ಲ. ಗೂಢಚಾರರು ತಂದ ಚೂರುಪಾರು ಸುದ್ದಿಯೇ ಒಗಟಾಯಿತು. ಬಿಡಿಸುವವರಿಲ್ಲದಿದ್ದರೆ ಮುದುಕ ಸಮುದ್ರದ ಪಾಲು.

"ನೀರಲ್ಲಿ ಸತ್ತು ನೀರಲ್ಲೇ ಹುಟ್ಟುವವರು ಯಾರು?" ಎಂದ ಅರಸ.

"ಕಪ್ಪೆ, ಪ್ರಭು," ಎಂದ ಆಸ್ಥಾನವೈದ್ಯ. ಎಳೆದೊಯ್ದು ಸೆರೆಗೆ ಹಾಕಿದರು.

"ಒಬ್ಬನ ಮೈ ತಿಂದು ನೆತ್ತರು ಕುಡಿದರೂ ಅವನು ಮುಗಿಯುವುದಿಲ್ಲ. ಏನದು?"

"ನರಬಲಿ!" ಎಂದು ಎದೆ ಸೆಟೆಸಿದ ದಳವಾಯಿ.

"ಹೆಣ ಎಲ್ಲಯ್ಯಾ?"

ದಳವಾಯಿಯೂ ಒಳಗೆ ಹೋದ.

ಆಗ ಹಗ್ಗ ಹೊಸೆಯುವ ಸಿಲ್ವಾನ ಮುಂದೆ ಬಂದ.

"ಮೊದಲನೆಯದು ದೀಕ್ಷಾಸ್ನಾನ, ಪ್ರಭು. ಮುಳುಗಿದವರು ಹಳೇ ಬಾಳಿಗೆ ಸತ್ತು ಹೊಸಬರಾಗಿ ಏಳುತ್ತಾರೆ. ಎರಡನೆಯದು ಅವರು ಕೂಡಿ ಉಣ್ಣುವ ರೊಟ್ಟಿ, ದ್ರಾಕ್ಷಾರಸ. ಕ್ರಿಸ್ತ ಸಾಯುವ ಮುಂಚೆ ತನ್ನ ಮೈ, ತನ್ನ ನೆತ್ತರು ಎಂದು ಅವನ್ನೇ ಕೊಟ್ಟ."

ಅರಸ ಕಣ್ಣು ಕಿರಿದು ಮಾಡಿದ. "ನಿನಗೆ ಹೇಗೋ ಗೊತ್ತು? ಇರಲಿ. ಹಗ್ಗವಿಲ್ಲದೆ ಕಟ್ಟಿಸಿಕೊಂಡು ಬಾಗಿಲಲ್ಲಿ ಅಳುವವನು ಯಾರು? ಅವನ ಕಟ್ಟು ಬಿಚ್ಚುವುದು ಹೇಗೆ?"

"ಅಯ್ಯೋ, ಅದು ನಾನೇ ಪ್ರಭು! ನಿಮ್ಮ ಭಟರು ಹಿಡಿದಾಗ ಜೀವದಾಸೆಗೆ 'ಕ್ರಿಸ್ತ ಯಾರೋ ಗೊತ್ತಿಲ್ಲ' ಅಂದುಬಿಟ್ಟೆ. ಹಾಗಂದವರು ಗೋಣಿ ಉಟ್ಟು ಪ್ರಾರ್ಥನೆಯ ಮನೆಯ ಬಾಗಿಲ ಹೊರಗೆ ನಿಲ್ಲಬೇಕು, ಆ ಊಟ ಮುಟ್ಟುವಂತಿಲ್ಲ. ಆ ತಪ್ಪೇ ನನ್ನ ಕಟ್ಟು. ಹಿರಿಯರು ಕ್ಷಮಿಸಿ ತಲೆಯ ಮೇಲೆ ಕೈಯಿಟ್ಟ ದಿನವೇ ಬಿಡುಗಡೆ."

"ಅಷ್ಟೇನಾ? ಆ ಬಾಗಿಲು ಈಗಲೇ ತೆಗೆಸುತ್ತೇನೆ."

"ನಿಮ್ಮ ಅಪ್ಪಣೆಗೆ ಅದು ತೆರೆಯುವುದಿಲ್ಲ, ಪ್ರಭು. ಸೆರೆಯಲ್ಲಿರುವವರನ್ನೆಲ್ಲ ಬಿಡಿ, ಸಾಕು."

ಇದರಲ್ಲೇನು ಮಸಲತ್ತು ಎಂದು ಅರಸ ತಲೆ ಕೆರೆದುಕೊಂಡ. ಆದರೆ ಕೊಟ್ಟ ಮಾತು. ವೈದ್ಯ, ದಳವಾಯಿಯರ ಹಿಂದೆಯೇ ಥಿಯೋನ ಹೊರಬಂದ. ಸಿಲ್ವಾನ ಅವನ ಕಾಲಿಗೆ ಬಿದ್ದ.

"ತಪ್ಪಾಯ್ತು ಅಜ್ಜಾ, ಹೊರಗಿನವರಿಗೆ ಹೇಳಬಾರದ್ದೆಲ್ಲ ಹೇಳಿಬಿಟ್ಟೆ."

"ಈ ಸಲ ಗೊತ್ತಿಲ್ಲ ಅನ್ನಲಿಲ್ಲವಲ್ಲೋ ಮಗನೇ," ಎಂದು ಮುದುಕ ಅವನ ತಲೆಯ ಮೇಲೆ ಕೈಯಿಟ್ಟ. ಸಿಲ್ವಾನ ಬಿಕ್ಕಿಬಿಕ್ಕಿ ಅತ್ತ.

ಅರಸ ಮಂತ್ರಿಯ ಕಿವಿಗೆ ಬಾಗಿದ. "ಆ ಕೈಯಲ್ಲಿ ಏನಾದರೂ ಇತ್ತೇನೋ?"

"ಇಲ್ಲ ಪ್ರಭು, ಬರಿಗೈ."

"ಮತ್ತೆ ಇವನು ಇಷ್ಟೊಂದು ಯಾಕೆ ಅಳುತ್ತಾನೆ?"